ಬೋರ್ಡಿನಿಂದ ಕಟ್ಟೆಗೆ: ವೆಬ್ ಮಾತು ಕಲಿತ ಕಥೆ

ನಮ್ಮ ಪಂಚಾಯ್ತಿ ಕಚೇರಿಯ ಹೊರಗೋಡೆಗೆ ಒಂದು ನೋಟಿಸ್ ಬೋರ್ಡ್ ಹಾಕಿದ್ದಾರೆ. ಜಾಲರಿ ಬಾಗಿಲು, ಅದಕ್ಕೊಂದು ಸಣ್ಣ ಬೀಗ. ಗ್ರಾಮಸಭೆಯ ತಾರೀಖು, ಮನೆ ಮಂಜೂರಾದವರ ಪಟ್ಟಿ, ಕಂದಾಯ ಕಟ್ಟುವ ಕೊನೆಯ ದಿನ ಎಲ್ಲವನ್ನೂ ಅಲ್ಲೇ ಅಂಟಿಸುತ್ತಾರೆ. ನಿಂತು ಓದಬಹುದು. ಪಟ್ಟಿಯಲ್ಲಿ ಅಪ್ಪನ ಹೆಸರು ತಪ್ಪಾಗಿದ್ದರೂ ಅಲ್ಲೇ ತಿದ್ದುವ ಹಾಗಿಲ್ಲ. ಬೀಗದ ಕೀಲಿ ಒಳಗಿನ ಮೇಜಿನ ಡ್ರಾಯರ್‌ನಲ್ಲಿರುತ್ತದೆ.

ಅದೇ ಕಚೇರಿ ಎದುರಿಗೆ ಅರಳಿಕಟ್ಟೆ. ಬೋರ್ಡ್ ಓದಿದವರು ಹೋಗಿ ಅಲ್ಲಿ ಕೂರುತ್ತಾರೆ. ‘ಅವನಿಗೆ ಮನೆ ಹೆಂಗೆ ಬಂತು?’ ಎಂದು ಒಬ್ಬರು ಶುರು ಮಾಡಿದರೆ ಹತ್ತು ಜನ ಬಾಯಿ ಹಾಕುತ್ತಾರೆ. ಸುದ್ದಿ ಬರೆಯುವ ನಮಗೆ ಬೋರ್ಡಿಗಿಂತ ಕಟ್ಟೆಯಲ್ಲೇ ಹೆಚ್ಚು ಸುದ್ದಿ ಸಿಗುತ್ತದೆ.

ನಿಮ್ಮ ಕೈಯಲ್ಲಿರುವ ಫೋನಿನ ವೆಬ್ ಕೂಡ ಒಂದು ಕಾಲಕ್ಕೆ ಆ ಬೋರ್ಡಿನ ಹಾಗೇ ಇತ್ತು. ಓದಬೇಕು, ಮುಂದೆ ಹೋಗಬೇಕು, ಅಷ್ಟೇ. ಈಗ ಅದು ಕಟ್ಟೆಯಾಗಿದೆ. ಬರೆಯುತ್ತೇವೆ, ಜಗಳ ಆಡುತ್ತೇವೆ, ಅರ್ಜಿ ಹಾಕುತ್ತೇವೆ, ಜಾತ್ರೆಯ ವಿಡಿಯೊ ಹಾಕುತ್ತೇವೆ. ಈ ಬದಲಾವಣೆ ಹೇಗಾಯಿತು, ಅದರಲ್ಲಿ ನಮಗೆ ಸಿಕ್ಕಿದ್ದೇನು, ಕೈಬಿಟ್ಟಿದ್ದೇನು ಎಂಬುದನ್ನು ಈ ಸಲ ಬರೆಯುತ್ತಿದ್ದೇವೆ. ಹಳೆಯ ಕಥೆ ಕೆದಕುತ್ತ ಹೋದರೆ ಒಂದು ವಿಚಿತ್ರ ಕಾಣುತ್ತದೆ. ವೆಬ್ ಹುಟ್ಟಿದಾಗ ಅದಕ್ಕೆ ಬೀಗವೇ ಇರಲಿಲ್ಲ. ಬೀಗ ಆಮೇಲೆ ಬಿತ್ತು.

ಮೊದಲಿಗೆ ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಇಂಟರ್ನೆಟ್ ಬೇರೆ, ವೆಬ್ ಬೇರೆ. ಇಂಟರ್ನೆಟ್ ಎಂದರೆ ರಸ್ತೆ, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ ದಾರಿ. ವೆಬ್ ಆ ರಸ್ತೆ ಮೇಲೆ ಓಡುವ ಬಸ್ಸುಗಳಲ್ಲಿ ಒಂದು. ರಸ್ತೆಯ ಕೆಲಸ 1960ರ ದಶಕದ ಕೊನೆಯಲ್ಲೇ ಅಮೆರಿಕದಲ್ಲಿ ಶುರುವಾಗಿತ್ತು. ಈಮೇಲ್ ಎಂಬ ಬಸ್ಸು, ಚರ್ಚಾ ಗುಂಪುಗಳೆಂಬ ಬಸ್ಸು ಅದರ ಮೇಲೆ ಓಡುತ್ತಲೂ ಇದ್ದವು. ವೆಬ್ ಬಂದದ್ದು ಸುಮಾರು ಇಪ್ಪತ್ತು ವರ್ಷ ತಡವಾಗಿ, ಅದೂ ಯುರೋಪಿನಿಂದ.

ಜಿನೀವಾದ ಒಂದು ಕಚೇರಿ

ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ, ಜಿನೀವಾ ನಗರದ ಪಕ್ಕದಲ್ಲಿ, ಸರ್ನ್ ಎಂಬ ದೊಡ್ಡ ಭೌತವಿಜ್ಞಾನ ಪ್ರಯೋಗಾಲಯವಿದೆ. ನಾನಾ ದೇಶಗಳಿಂದ ಸಾವಿರಾರು ವಿಜ್ಞಾನಿಗಳು ಅಲ್ಲಿಗೆ ಬಂದು, ಎರಡು ವರ್ಷವೋ ಮೂರು ವರ್ಷವೋ ಕೆಲಸ ಮಾಡಿ ಹೋಗುತ್ತಾರೆ. ಹೋಗುವಾಗ ಅವರಿಗೆ ಗೊತ್ತಿದ್ದದ್ದೂ ಅವರ ಜೊತೆಗೇ ಹೋಗಿಬಿಡುತ್ತಿತ್ತು. ಯಾವ ಯಂತ್ರದ ಕಾಗದ ಯಾರ ಹತ್ತಿರ ಇದೆ, ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಎಂದು ಹೊಸಬರು ಮೊದಲಿನಿಂದ ಹುಡುಕಬೇಕಿತ್ತು. ಒಬ್ಬೊಬ್ಬರ ಕಂಪ್ಯೂಟರ್ ಒಂದೊಂದು ಬಗೆಯದು ಬೇರೆ.

ಅಲ್ಲಿ ಕೆಲಸಕ್ಕಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲೆಂಡಿನ ಯುವಕ 1989ರ ಮಾರ್ಚ್‌ನಲ್ಲಿ ಇದಕ್ಕೊಂದು ಉಪಾಯ ಬರೆದು ಮೇಲಧಿಕಾರಿಗೆ ಕೊಟ್ಟರು. ಯಾವ ಕಂಪ್ಯೂಟರಿನಲ್ಲಿರುವ ಕಾಗದವನ್ನಾದರೂ ಇನ್ನೊಂದು ಕಾಗದಕ್ಕೆ ಗಂಟು ಹಾಕಬೇಕು, ಆ ಗಂಟನ್ನು ಒತ್ತಿದರೆ ಆ ಕಾಗದ ಕಣ್ಣೆದುರು ಬರಬೇಕು. ಮೇಲಧಿಕಾರಿ ಮೈಕ್ ಸೆಂಡಾಲ್ ಆ ಪ್ರಸ್ತಾವದ ಮೇಲೆ ‘ಅಸ್ಪಷ್ಟ, ಆದರೆ ಕುತೂಹಲಕರ’ ಎಂಬ ಅರ್ಥದ ಷರಾ ಬರೆದರು. ಬೇಡ ಎನ್ನಲಿಲ್ಲ, ಅದೇ ದೊಡ್ಡದು. ನಾವು ಇಂದು ‘ಲಿಂಕ್’ ಎನ್ನುವುದು ಆ ಗಂಟನ್ನೇ.

1990ರ ಕೊನೆಯ ಹೊತ್ತಿಗೆ ಅವರ ಮೇಜಿನ ಮೇಲಿದ್ದ ನೆಕ್ಸ್ಟ್ ಕಂಪನಿಯ ಕಂಪ್ಯೂಟರಿನಲ್ಲಿ ಮೊದಲ ವೆಬ್ ಓಡತೊಡಗಿತು. ಆ ಒಂದು ಯಂತ್ರ ಆಫ್ ಆದರೆ ಜಗತ್ತಿನ ಇಡೀ ವೆಬ್ಬೇ ಆಫ್. ಅದಕ್ಕೇ ‘ಇದು ಸರ್ವರ್, ಆಫ್ ಮಾಡಬೇಡಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿದ್ದರು. ನಮ್ಮಲ್ಲಿ ಮೋಟಾರ್ ಸ್ವಿಚ್ಚಿನ ಮೇಲೆ ‘ಮುಟ್ಟಬೇಡಿ’ ಎಂದು ಬರೆಯುತ್ತೇವಲ್ಲ, ಹಾಗೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬರ್ನರ್ಸ್-ಲೀ ಬರೆದ ಮೊದಲ ಬ್ರೌಸರಿನಲ್ಲಿ ಪುಟವನ್ನು ಓದುವುದಷ್ಟೇ ಅಲ್ಲ, ಬರೆಯುವುದಕ್ಕೂ ತಿದ್ದುವುದಕ್ಕೂ ಬರುತ್ತಿತ್ತು. ಓದುವ ಕಿಟಕಿಯೇ ಬರೆಯುವ ಸ್ಲೇಟು. ಎಲ್ಲರೂ ಓದಲಿ, ಎಲ್ಲರೂ ಬರೆಯಲಿ, ಒಬ್ಬರ ಜ್ಞಾನ ಇನ್ನೊಬ್ಬರಿಗೆ ಉಳಿಯಲಿ ಎಂಬುದೇ ಅವರ ಮೂಲ ಯೋಚನೆ.

ಬಳಪ ಎಲ್ಲಿ ಹೋಯಿತು?

ತೊಂದರೆ ಎಂದರೆ, ನೆಕ್ಸ್ಟ್ ಕಂಪ್ಯೂಟರ್ ತುಂಬ ದುಬಾರಿ. ಕೆಲವೇ ಜನರ ಹತ್ತಿರ ಇತ್ತು. ಉಳಿದವರಿಗೂ ವೆಬ್ ತಲುಪಬೇಕಲ್ಲ? ನಿಕೋಲಾ ಪೆಲ್ಲೊ ಎಂಬ ವಿದ್ಯಾರ್ಥಿನಿ ಯಾವ ಕಂಪ್ಯೂಟರಿನಲ್ಲಾದರೂ ಓಡುವ ಸರಳ ಬ್ರೌಸರ್ ಒಂದನ್ನು ಸಿದ್ಧಪಡಿಸಿದರು. ಅದರಲ್ಲಿ ಬರೀ ಅಕ್ಷರ, ಚಿತ್ರವಿಲ್ಲ. ಓದಬಹುದಿತ್ತು, ಬರೆಯಲು ಬರುತ್ತಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಎಲ್ಲ ಬಗೆಯ ಯಂತ್ರದಲ್ಲೂ ಬರೆಯುವ ಸೌಲಭ್ಯ ಕೂಡಿಸುವುದು ಕಷ್ಟದ ಕೆಲಸ, ಮೊದಲು ಓದಲಿಕ್ಕಾದರೂ ಸಿಗಲಿ ಎಂಬ ಅವಸರ. ಹೀಗೆ ಸ್ಲೇಟು ಊರೂರಿಗೆ ತಲುಪಿತು, ಬಳಪ ಜಿನೀವಾದಲ್ಲೇ ಉಳಿಯಿತು.

1991ರ ಆಗಸ್ಟ್ 6ರಂದು ಬರ್ನರ್ಸ್-ಲೀ ಇಂಟರ್ನೆಟ್ಟಿನ ಒಂದು ಚರ್ಚಾ ಗುಂಪಿನಲ್ಲಿ ವೆಬ್ ವಿಷಯ ತಿಳಿಸಿ, ಬೇಕಾದವರು ಬಳಸಿ ಎಂದು ಹೊರಗಿನವರಿಗೆ ಬಾಗಿಲು ತೆರೆದರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್‌ನ ತಂತ್ರಾಂಶದ ಮೇಲೆ ತನಗೆ ಹಕ್ಕಿಲ್ಲ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು ಎಂದು ಬರೆದುಕೊಟ್ಟಿತು. ಅದೇ ವರ್ಷದ ಆರಂಭದಲ್ಲಿ ‘ಗೋಫರ್’ ಎಂಬ ಇಂಥದ್ದೇ ಇನ್ನೊಂದು ವ್ಯವಸ್ಥೆಯನ್ನು ಕಟ್ಟಿದ್ದ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯ ಶುಲ್ಕದ ಮಾತೆತ್ತಿತ್ತು. ಜನ ಗೋಫರ್ ಬಿಟ್ಟು ವೆಬ್ ಕಡೆ ನಡೆದರು. ಬಿಟ್ಟಿ ಸಿಕ್ಕಿದ್ದು ಗೆದ್ದಿತು.

ಆ ವರ್ಷವೇ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ‘ಮೊಸಾಯಿಕ್’ ಬ್ರೌಸರ್ ಹೊರತಂದರು. ಅಕ್ಷರದ ನಡುವೆಯೇ ಚಿತ್ರ ಕಾಣುತ್ತಿತ್ತು, ಮನೆಯ ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತಿತ್ತು. ಜನ ಮುಗಿಬಿದ್ದರು. ಮೊಸಾಯಿಕ್‌ನಲ್ಲೂ ಪುಟ ತಿದ್ದಲು ಬರುತ್ತಿರಲಿಲ್ಲ. ಕೋಟ್ಯಂತರ ಜನರು ವೆಬ್ ಎಂದರೆ ಇದೇ ಎಂದು ನೋಡಿದ್ದು ಓದುವ ವೆಬ್ಬನ್ನು ಮಾತ್ರ. ಪಂಚಾಯ್ತಿ ಬೋರ್ಡಿಗೆ ಬೀಗ ಬಿದ್ದದ್ದು ಹೀಗೆ.

ಕಾಫಿ ಪಾತ್ರೆ ಮತ್ತು ಖಾಲಿ ಡಬ್ಬಿ

ಆ ಕಾಲದ ಪುಟಗಳು ಮುದ್ರಣವಾದ ಕರಪತ್ರದ ಹಾಗೆ. ಬರೆದವರು ಬದಲಾಯಿಸುವ ತನಕ ಬದಲಾಗವು. ಇದನ್ನು ಮುರಿದ ಹಳೆಯ ಉದಾಹರಣೆ ಕೇಳಿದರೆ ನಿಮಗೆ ನಗು ಬರಬಹುದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಪಾತ್ರೆ. ಮಹಡಿ ಇಳಿದು ಬಂದರೆ ಪಾತ್ರೆ ಖಾಲಿ. ಬೇಸತ್ತ ಸಂಶೋಧಕರು 1991ರಲ್ಲಿ ಪಾತ್ರೆಯ ಎದುರು ಕ್ಯಾಮೆರಾ ಇಟ್ಟು, ತಮ್ಮ ಕಂಪ್ಯೂಟರಿನಲ್ಲೇ ಕಾಫಿ ಇದೆಯೋ ಇಲ್ಲವೋ ನೋಡುವ ಹಾಗೆ ಮಾಡಿಕೊಂಡರು. 1993ರ ನವೆಂಬರ್‌ನಲ್ಲಿ ಆ ಚಿತ್ರವನ್ನು ವೆಬ್‌ಗೂ ಜೋಡಿಸಿದರು. ಜಗತ್ತಿನ ಯಾವುದೋ ಮೂಲೆಯಲ್ಲಿ ಕೂತವರು ಕೇಂಬ್ರಿಜ್‌ನ ಕಾಫಿ ಪಾತ್ರೆ ನೋಡತೊಡಗಿದರು. 2001ರ ಆಗಸ್ಟ್‌ನಲ್ಲಿ ಆ ಕ್ಯಾಮೆರಾ ಆಫ್ ಆಯಿತು. ಕಾಫಿ ಪಾತ್ರೆ ದೊಡ್ಡ ಸಂಗತಿಯಲ್ಲ. ಆದರೆ ವೆಬ್ ಪುಟವೊಂದು ನಿನ್ನೆ ಬರೆದಿಟ್ಟದ್ದನ್ನು ಬಿಟ್ಟು ‘ಈಗ’ ಏನಾಗುತ್ತಿದೆ ಎಂದು ಹೇಳತೊಡಗಿದ್ದು ದೊಡ್ಡ ಸಂಗತಿ.

ಅದೇ 1993ರ ಸುಮಾರಿಗೆ ಪುಟದ ಮೇಲೆ ಖಾಲಿ ಡಬ್ಬಿಗಳು ಬಂದವು. ಹೆಸರು ಬರೆಯಿರಿ, ಬಟನ್ ಒತ್ತಿ. ಬರೆದದ್ದನ್ನು ಸರ್ವರ್ ಒಂದು ಪ್ರೋಗ್ರಾಂ ಕೈಗೆ ಕೊಡುತ್ತದೆ, ಆ ಪ್ರೋಗ್ರಾಂ ನಿಮಗೆಂದೇ ಹೊಸ ಪುಟ ಕಟ್ಟಿ ಕಳಿಸುತ್ತದೆ. ಅಲ್ಲಿಯ ತನಕ ಗೋಡೆ ಮಾತ್ರ ಇತ್ತು, ಈಗ ಗೋಡೆಯಲ್ಲಿ ಒಂದು ಕೌಂಟರ್ ಕಿಂಡಿ ತೆರೆದು ಒಳಗೊಬ್ಬ ಗುಮಾಸ್ತ ಕೂತ.

ನಮ್ಮ ಪೀಳಿಗೆಯ ಹಳ್ಳಿ ಹುಡುಗರಿಗೆ ಈ ಕಿಂಡಿಯ ಮೊದಲ ಪರಿಚಯ ಆದದ್ದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ತಾಲೂಕು ಕೇಂದ್ರದ ಸೈಬರ್ ಸೆಂಟರ್ ಮುಂದೆ ಸಾಲು. ನಮ್ಮ ಸರದಿ ಬಂದಾಗ ಅಂಗಡಿಯವನು ರಿಜಿಸ್ಟರ್ ನಂಬರ್ ಕೇಳಿ ಡಬ್ಬಿಯಲ್ಲಿ ಹೊಡೆದು ಬಟನ್ ಒತ್ತಿದ. ಪುಟ ಬರುವ ತನಕ ಉಸಿರು ಹಿಡಿದು ನಿಂತಿದ್ದೆವು. ಬಂದ ಪುಟದಲ್ಲಿ ನಮ್ಮ ಹೆಸರು, ಅಪ್ಪನ ಹೆಸರು, ನಮ್ಮದೇ ಅಂಕ. ಸಾಲಿನಲ್ಲಿ ನಮ್ಮ ಹಿಂದಿದ್ದವನಿಗೆ ಬೇರೆ ಪುಟ. ಎಲ್ಲರಿಗೂ ಒಂದೇ ಕರಪತ್ರ ಎಂಬ ಕಾಲ ಮುಗಿದಿತ್ತು.

ಮರೆಗುಳಿ ಸರ್ವರ್

ಆದರೆ ಆ ಗುಮಾಸ್ತನಿಗೆ ಒಂದು ಕಾಯಿಲೆ ಇತ್ತು. ಮರೆವು. ನೀವು ಒಂದು ಪುಟ ಕೇಳಿ, ಎರಡು ಕ್ಷಣ ಬಿಟ್ಟು ಇನ್ನೊಂದು ಪುಟ ಕೇಳಿದರೆ ಅವನಿಗೆ ನೀವು ಹೊಸಬರು. ವೆಬ್ ಕಟ್ಟಿದ್ದೇ ಹಾಗೆ. ಕೇಳಿದ ಪುಟ ಕೊಡು, ಮರೆತುಬಿಡು. ಓದುವುದಕ್ಕೆ ಇದು ಸಾಕು, ಅಂಗಡಿ ನಡೆಸಲು ಸಾಲದು. ಸಕ್ಕರೆ ತೆಗೆದುಕೊಂಡವನು ಬೇಳೆ ಕೇಳುವಷ್ಟರಲ್ಲಿ ‘ನೀನ್ಯಾರಪ್ಪ?’ ಎಂದರೆ ವ್ಯಾಪಾರ ಹೇಗೆ?

1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲಿ ಇದಕ್ಕೆ ‘ಕುಕಿ’ ಕಂಡುಹಿಡಿದರು. ಮೊದಲ ಸಲ ಬಂದಾಗ ಸರ್ವರ್ ನಿಮ್ಮ ಬ್ರೌಸರಿಗೆ ಒಂದು ಸಣ್ಣ ಚೀಟಿ ಕೊಡುತ್ತದೆ. ಮುಂದಿನ ಸಲ ಬ್ರೌಸರ್ ಆ ಚೀಟಿ ತೋರಿಸುತ್ತದೆ. ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಹಾಗೆ. ನಿಮ್ಮ ಫೋನಿನಲ್ಲಿ ಪ್ರತಿ ಸಲ ಪಾಸ್‌ವರ್ಡ್ ಕೇಳದೆ ಪುಟ ತೆರೆದುಕೊಳ್ಳುವುದು ಈ ಚೀಟಿಯಿಂದ. ನೀವು ಒಂದು ಕಡೆ ಟ್ರಾಕ್ಟರ್ ಟೈರ್ ನೋಡಿದರೆ ಇನ್ನೊಂದು ಕಡೆ ಟೈರಿನ ಜಾಹೀರಾತು ಬೆನ್ನು ಹತ್ತುವುದಕ್ಕೂ ಆಮೇಲೆ ಇದೇ ಚೀಟಿ ದಾರಿಯಾಯಿತು. ಗುರುತು ಹಿಡಿಯಲು ಕಲಿತ ಗುಮಾಸ್ತ ಹಿಂಬಾಲಿಸಲೂ ಕಲಿತ.

ಅದೇ ಕಂಪನಿಯ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಒಂದು ಸಣ್ಣ ಭಾಷೆ ಬರೆದರು. ಅದೇ ಆಮೇಲೆ ಜಾವಾಸ್ಕ್ರಿಪ್ಟ್ ಆಯಿತು. ಡಬ್ಬಿ ಖಾಲಿ ಬಿಟ್ಟಿದ್ದರೆ ‘ಹೆಸರು ಬರೆಯಿರಿ’ ಎಂದು ಹೇಳಲು ದೂರದ ಸರ್ವರ್ ತನಕ ಹೋಗಿಬರಬೇಕಿಲ್ಲ, ಬ್ರೌಸರೇ ಅಲ್ಲೇ ಹೇಳುತ್ತದೆ. ಇಂದು ನೀವು ಬೆರಳು ಮುಟ್ಟಿಸಿದರೆ ಅಲ್ಲಾಡುವ ಪುಟಗಳ ಹಿಂದೆ ಬಹುಮಟ್ಟಿಗೆ ಇದೇ ಭಾಷೆ ಇದೆ.

ಬಳಪ ಮತ್ತೆ ಕೈಗೆ

ಬರೆಯುವ ಹಕ್ಕು ನಿಜವಾಗಿ ವಾಪಸು ಬಂದದ್ದು 1995ರ ಮಾರ್ಚ್ 25ರಂದು ಎನ್ನಬಹುದು. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ ಅಂದು ಒಂದು ತಾಣ ತೆರೆದರು. ಅದರ ಪುಟಗಳಲ್ಲಿ ‘ತಿದ್ದಿ’ ಎಂಬ ಲಿಂಕ್ ಇತ್ತು. ಓದುಗರಲ್ಲಿ ಯಾರು ಬೇಕಾದರೂ ತಿದ್ದಬಹುದು. ಹವಾಯಿಯ ಹೊನೊಲುಲು ವಿಮಾನ ನಿಲ್ದಾಣದ ‘ವಿಕಿ ವಿಕಿ’ ಬಸ್ಸು ನೆನಪಾಗಿ ಅದಕ್ಕೆ ವಿಕಿ ಎಂದು ಹೆಸರಿಟ್ಟರು. ಹವಾಯಿ ಭಾಷೆಯಲ್ಲಿ ಹಾಗೆಂದರೆ ಬೇಗ. ಇದೇ ದಾರಿಯಲ್ಲಿ 2001ರ ಜನವರಿ 15ರಂದು ವಿಕಿಪೀಡಿಯ ಶುರುವಾಯಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಬಂತು. ನಿಮ್ಮ ಊರಿನ ದೇವಸ್ಥಾನದ ಬಗ್ಗೆ ಅಲ್ಲಿ ತಪ್ಪಿದ್ದರೆ ಇವತ್ತೂ ನೀವೇ ತಿದ್ದಬಹುದು. ಬೋರ್ಡಿನ ಕೀಲಿ ಎಲ್ಲರ ಕೈಯಲ್ಲಿರುವ ಕೆಲವೇ ಜಾಗಗಳಲ್ಲಿ ಅದೊಂದು.

ಇನ್ನೊಂದು ತಿರುವಿಗೆ ನಮ್ಮ ಬೆಂಗಳೂರಿನ ನಂಟಿದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅಮೆರಿಕದಲ್ಲಿ ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಹೊಸ ಕಂಪನಿ ಕಟ್ಟುವ ಯೋಚನೆಯಲ್ಲಿದ್ದರು. ಕೆಲಸ ಮಾಡುವ ಕಡೆಯ ಈಮೇಲ್‌ನಲ್ಲಿ ಆ ಮಾತು ಆಡುವಂತಿಲ್ಲ. ಹಾಗಾದರೆ ಯಾವ ಕಂಪ್ಯೂಟರಿನಿಂದಲಾದರೂ ವೆಬ್ ಪುಟದೊಳಗೇ ಮೇಲ್ ಓದುವಂತಿದ್ದರೆ? ಆ ಯೋಚನೆಯೇ ಹಾಟ್‌ಮೇಲ್. 1996ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಅದು ಶುರುವಾಯಿತು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ಸ್ವಂತ ಕಂಪ್ಯೂಟರ್ ಇಲ್ಲದವರಿಗೂ ಸ್ವಂತ ವಿಳಾಸ ಸಿಕ್ಕಿದ್ದು ಇಲ್ಲಿಂದ. ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ಕೂತು, ದುಬೈಗೆ ಹೋದ ಅಣ್ಣನಿಗೆ ಪತ್ರ ಬರೆದವರಿಗೆ ಇದರ ಬೆಲೆ ಗೊತ್ತು.

ಕನ್ನಡದ ಕಷ್ಟ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಫೋನ್ ತಂತಿಯಲ್ಲೇ ಸಂಪರ್ಕ, ಕೂಗುವ ಮೋಡೆಮ್. ಅದೂ ನಗರದಲ್ಲಿ.

ಬಳಪ ಸಿಕ್ಕಿದರೆ ಆಯಿತೇ, ಅಕ್ಷರ ಮೂಡಬೇಕಲ್ಲ? ಆಗ ಒಂದೊಂದು ಕನ್ನಡ ತಂತ್ರಾಂಶಕ್ಕೆ ಒಂದೊಂದು ಲೆಕ್ಕ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಕನ್ನಡ ಪುಟ ಓದಬೇಕೆಂದರೆ ಆ ತಾಣದ ಫಾಂಟ್ ಇಳಿಸಿಕೊಳ್ಳಬೇಕಿತ್ತು. ಅಂಥ ಕಾಲದಲ್ಲೂ 1996ರಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಜಾಲಪತ್ರಿಕೆ ತೆರೆದರು. ಕನ್ನಡದ ಮೊದಮೊದಲ ತಾಣಗಳಲ್ಲಿ ಅದೊಂದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ಹೆಚ್ಚಾದರು.

ನಿಜವಾದ ಬಿಡುಗಡೆ ಯೂನಿಕೋಡ್‌ನಿಂದ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಲ್ಲಿ ನಂಬರ್ ಕೊಡುವ ವ್ಯವಸ್ಥೆ ಅದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ಆ ನಂಬರನ್ನು ಅಕ್ಷರವಾಗಿ ತೋರಿಸುವ ಶಕ್ತಿ ಸಾಧಾರಣ ಕಂಪ್ಯೂಟರಿಗೆ ಬರಲು ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ‘ತುಂಗಾ’ ಎಂಬ ಫಾಂಟ್ ಇತ್ತು. ಫೋನಿಗೆ ಬರಲು ಇನ್ನೂ ತಡ. ಮೊದಲು ಕೊಂಡ ಸ್ಮಾರ್ಟ್‌ಫೋನಿನಲ್ಲಿ ಕನ್ನಡದ ಜಾಗದಲ್ಲಿ ಸಾಲು ಸಾಲು ಖಾಲಿ ಚೌಕಗಳನ್ನು ನೋಡಿದ್ದು ನಿಮಗೂ ನೆನಪಿರಬಹುದು. ಜಗತ್ತಿನಲ್ಲಿ ಮಾತಾಡುವ ವೆಬ್ ಬಂದ ಮೇಲೂ ನಾವು ಎಷ್ಟೋ ಕಾಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆವು.

ಎಲೆ ತೆಗೆಯದೆ ಸಾಂಬಾರು

2000ದ ಹೊತ್ತಿಗೂ ವೆಬ್‌ಗೆ ಇನ್ನೊಂದು ಮೊಂಡುತನ ಉಳಿದಿತ್ತು. ಪುಟದಲ್ಲಿ ಒಂದು ಸಣ್ಣ ಬದಲಾವಣೆ ಬೇಕೆಂದರೂ ಇಡೀ ಪುಟ ಮಾಯವಾಗಿ, ಬಿಳಿ ತೆರೆ ಬಂದು, ಮತ್ತೆ ಪೂರ್ತಿ ಇಳಿಯಬೇಕು. ಊಟಕ್ಕೆ ಕೂತವರು ಇನ್ನೊಂದು ಸೌಟು ಸಾಂಬಾರು ಕೇಳಿದರೆ ಎಲೆಯನ್ನೇ ತೆಗೆದು, ಹೊಸ ಎಲೆ ಹಾಕಿ, ಉಪ್ಪಿನಿಂದ ಮತ್ತೆ ಬಡಿಸಿದ ಹಾಗೆ.

ಇದಕ್ಕೆ ಮದ್ದು 1999ರಲ್ಲೇ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಳಗೆ ಬಂದಿತ್ತು. ಬ್ರೌಸರ್ ಸದ್ದಿಲ್ಲದೆ ಸರ್ವರನ್ನು ಕೇಳಿ ಬೇಕಾದ ತುಣುಕನ್ನು ಮಾತ್ರ ತರುವ ವಿದ್ಯೆ ಅದು. ಅದರ ಬಲ ಎಲ್ಲರಿಗೂ ಗೊತ್ತಾದದ್ದು ಗೂಗಲ್‌ನಿಂದ. 2004ರ ಏಪ್ರಿಲ್ 1ರಂದು ಜಿಮೇಲ್ ಬಂತು. ಹಾಟ್‌ಮೇಲ್ 2 ಎಂಬಿ ಜಾಗ ಕೊಡುತ್ತಿದ್ದಾಗ ಇದು 1 ಜಿಬಿ ಎಂದಿತು. ಜನ ಮೊದಲು ಏಪ್ರಿಲ್ ಫೂಲ್ ಎಂದುಕೊಂಡರು. 2005ರ ಫೆಬ್ರುವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂತು. ನಕ್ಷೆಯನ್ನು ಬೆರಳಿನಲ್ಲಿ ಎಳೆದ ಹಾಗೆ ಎಳೆಯಬಹುದು, ಪುಟ ಮಾಯವಾಗುವುದಿಲ್ಲ. ಅದೇ ತಿಂಗಳು ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬವರು ಈ ವಿದ್ಯೆಗೆ ‘ಅಜಾಕ್ಸ್’ ಎಂದು ಹೆಸರಿಟ್ಟರು. ಸಾಂಬಾರು ಎಲೆಯ ಮೇಲೇ ಬೀಳತೊಡಗಿತು.

ಇಲ್ಲಿಂದ ಮುಂದೆ ಎಲ್ಲ ಸರಸರ. 2004ರ ಜನವರಿಯಲ್ಲಿ ಆರ್ಕುಟ್, ಫೆಬ್ರುವರಿಯಲ್ಲಿ ಫೇಸ್‌ಬುಕ್. 2005ರ ಏಪ್ರಿಲ್ 23ರಂದು ಯೂಟ್ಯೂಬ್‌ನ ಮೊದಲ ವಿಡಿಯೊ. ಸ್ಥಾಪಕರಲ್ಲೊಬ್ಬರಾದ ಜಾವೆದ್ ಕರೀಮ್ ಪ್ರಾಣಿ ಸಂಗ್ರಹಾಲಯದಲ್ಲಿ ಆನೆಗಳ ಮುಂದೆ ನಿಂತು ಆಡಿದ 19 ಸೆಕೆಂಡಿನ ಮಾತು. 2006ರ ಅಕ್ಟೋಬರ್‌ನಲ್ಲಿ ಗೂಗಲ್ ಯೂಟ್ಯೂಬನ್ನು 165 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಬರೆಯಲು ಪ್ರೋಗ್ರಾಂ ಗೊತ್ತಿರಬೇಕಿಲ್ಲ, ಸರ್ವರ್ ಬೇಕಿಲ್ಲ. ಹೆಸರು ನೋಂದಾಯಿಸಿ, ಹಾಕಿ. ನಮ್ಮ ಹಳ್ಳಿಗಳಿಗೆ ಈ ಅಲೆ ಪೂರ್ತಿ ತಲುಪಿದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ದರ ಕುಸಿದ ಮೇಲೆ.

ಕಟ್ಟೆ ಯಾರದ್ದು?

ಹೀಗೆ ಜಿನೀವಾದಲ್ಲಿ ಕಳೆದ ಬಳಪ ಹದಿನೈದು ವರ್ಷ ಸುತ್ತಿ ನಮ್ಮ ಕೈಗೆ ಬಂತು. ಆದರೆ ಒಂದು ವ್ಯತ್ಯಾಸವಿತ್ತು. ಬರ್ನರ್ಸ್-ಲೀ ಯೋಚಿಸಿದ ವೆಬ್‌ನಲ್ಲಿ ಅವರವರ ಪುಟ ಅವರವರ ಯಂತ್ರದಲ್ಲಿ, ನಡುವೆ ಗಂಟು ಮಾತ್ರ. ಈಗ ಎಲ್ಲರ ಬರಹವೂ ಕೆಲವೇ ಕಂಪನಿಗಳ ಗೋಡೆಯ ಮೇಲೆ.

ಗೋಡೆಯ ಮಾಲೀಕ ಏನು ಮಾಡಬಹುದು ಎಂಬುದು 2006ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಅಲ್ಲಿಯ ತನಕ ಫೇಸ್‌ಬುಕ್‌ನಲ್ಲಿ ಗೆಳೆಯರ ಸುದ್ದಿ ಬೇಕೆಂದರೆ ಅವರ ಪುಟಕ್ಕೆ ಹೋಗಿ ನೋಡಬೇಕಿತ್ತು. ಅಂದಿನಿಂದ ಎಲ್ಲರ ಚಟುವಟಿಕೆಯನ್ನೂ ಕಂಪನಿಯೇ ಆರಿಸಿ ಒಂದೇ ಸಾಲಿನಲ್ಲಿ ಮುಂದಿಡತೊಡಗಿತು. ಬಳಕೆದಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪ್ರತಿಭಟಿಸಿದರು. ಕಂಪನಿ ಒಂದಿಷ್ಟು ಹತೋಟಿಗಳನ್ನು ಕೊಟ್ಟಿತು, ಸಾಲನ್ನು ಬಿಡಲಿಲ್ಲ. 2009ರ ಫೆಬ್ರುವರಿಯಲ್ಲಿ ಲೈಕ್ ಬಟನ್ ಬಂತು. ಒಂದೇ ಮನೆಯಲ್ಲಿ ಪಕ್ಕಪಕ್ಕ ಕೂತ ಅಪ್ಪ ಮಗನ ಫೋನಿನಲ್ಲಿ ಇಂದು ಬೇರೆ ಬೇರೆ ಲೋಕ ಕಾಣುವುದರ ಬೇರು ಇಲ್ಲಿದೆ. ಅರಳಿಕಟ್ಟೆಯಲ್ಲಿ ಯಾರ ಮಾತು ಯಾರಿಗೆ ಕೇಳಬೇಕೆಂದು ತೀರ್ಮಾನಿಸುವವರು ಇಲ್ಲ. ಈ ಕಟ್ಟೆಯಲ್ಲಿ ಇದ್ದಾರೆ, ಕಣ್ಣಿಗೆ ಕಾಣುವುದಿಲ್ಲ.

ಮಾಲೀಕ ಇನ್ನೂ ಒಂದು ಮಾಡಬಹುದು. ಗೋಡೆಯನ್ನೇ ಕೆಡವಬಹುದು. 1994ರಲ್ಲಿ ಶುರುವಾದ ಜಿಯೋಸಿಟೀಸ್ ಎಂಬ ತಾಣ ಜನರಿಗೆ ಬಿಟ್ಟಿ ಪುಟ ಕೊಡುತ್ತಿತ್ತು. ಅಲ್ಲಿ ಬಡಾವಣೆಗಳಿದ್ದವು, ಪುಟಕ್ಕೆ ಮನೆ ನಂಬರ್ ಇತ್ತು. ಹಾಡಿನವರದ್ದು ಒಂದು ಕೇರಿ, ಕಂಪ್ಯೂಟರಿನವರದ್ದು ಇನ್ನೊಂದು. 1999ರಲ್ಲಿ ಯಾಹೂ ಅದನ್ನು 300 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಸ್ವಯಂಸೇವಕರು ಹಗಲು ರಾತ್ರಿ ಕೂತು ನಕಲು ಮಾಡಿ ಉಳಿಸಿದಷ್ಟು ಉಳಿಯಿತು. ಬ್ರೆಜಿಲ್ ಮತ್ತು ಭಾರತದಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು.

ನಾವು ಕಳೆದುಕೊಂಡದ್ದು

ಈ ಪಾಠವನ್ನು ನಾವು ಪುಸ್ತಕ ಓದಿ ಕಲಿಯಲಿಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಐದು ಜನ ಗೆಳೆಯರು ಸೇರಿ ನಮ್ಮ ಹೋಬಳಿಯ ಕೆರೆಗಳ ಬಗ್ಗೆ ಹಿರಿಯರನ್ನು ಮಾತಾಡಿಸಿದ್ದೆವು. ಅವರಲ್ಲಿ ನೀರುಗಂಟಿ ಅಜ್ಜ ಒಬ್ಬರಿದ್ದರು. ಕೆರೆ ತುಂಬಿದಾಗ ತೂಬು ಯಾವಾಗ ಎತ್ತಬೇಕು, ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಮೊದಲು, ನೀರು ಕಡಿಮೆ ಇದ್ದ ವರ್ಷ ಯಾರು ಎಷ್ಟು ಬಿಟ್ಟುಕೊಡಬೇಕು ಎಂಬುದನ್ನೆಲ್ಲ ಅವರು ಬಾಯಿಲೆಕ್ಕದಲ್ಲಿ ಹೇಳಿದರು. ಎಲ್ಲವನ್ನೂ ಬರೆದು, ಫೋಟೊ ಮತ್ತು ದನಿ ಸಮೇತ, ಬಿಟ್ಟಿ ಜಾಗ ಕೊಡುವ ಒಂದು ತಾಣದಲ್ಲಿ ಹಾಕಿದೆವು. ವೆಬ್‌ನಲ್ಲಿದೆ ಎಂದ ಮೇಲೆ ಶಾಶ್ವತ ಎಂದುಕೊಂಡು ನಮ್ಮ ಹತ್ತಿರದ ಮೆಮೊರಿ ಕಾರ್ಡ್ ಅಳಿಸಿ ಬೇರೆ ಕೆಲಸಕ್ಕೆ ಬಳಸಿದೆವು.

ಆ ತಾಣ ಮುಚ್ಚಿತು. ಮುಚ್ಚುವ ಮೊದಲು ಎಚ್ಚರಿಕೆಯ ಮೇಲ್ ಬಂದಿತ್ತಂತೆ, ನಾವ್ಯಾರೂ ತೆರೆಯದ ಹಳೆಯ ವಿಳಾಸಕ್ಕೆ. ನಮಗೆ ಗೊತ್ತಾಗುವಷ್ಟರಲ್ಲಿ ಏನೂ ಇರಲಿಲ್ಲ.

ಎಷ್ಟೋ ವರ್ಷದ ಮೇಲೆ ಒಳ್ಳೆಯ ಮಳೆಯಾಗಿ ಆ ಕೆರೆ ಕೋಡಿ ಬಿತ್ತು. ಊರೆಲ್ಲ ಬಾಗಿನ ಬಿಟ್ಟು ಸಂಭ್ರಮಿಸಿದ ವಾರದಲ್ಲೇ ನೀರಿನ ಸರದಿಗೆ ಜಗಳ ಹತ್ತಿತು. ಸುದ್ದಿ ಮಾಡಲು ಹೋದಾಗ ಆ ಅಜ್ಜನ ಮೊಮ್ಮಗ ಸಿಕ್ಕ. ಅಜ್ಜ ತೀರಿಕೊಂಡು ಆರೇಳು ವರ್ಷವಾಗಿತ್ತು.

‘ಅಣ್ಣಾ, ಆವತ್ತು ನಮ್ಮ ತಾತನ್ನ ಮಾತಾಡಿಸಿ ರೆಕಾರ್ಡ್ ಮಾಡ್ಕೊಂಡಿದ್ರಲ್ಲ, ಅದು ಸಿಗುತ್ತಾ? ಯಾರಿಗೆ ಮೊದಲು ಅಂತ ಅದರಲ್ಲಿ ಹೇಳಿದ್ರು. ಕೇಳಿಸಿದ್ರೆ ಇವರೆಲ್ಲ ಒಪ್ಕೋತಾರೆ’ ಎಂದ.

ಇಲ್ಲ ಎಂದು ಹೇಳಬೇಕಾಯಿತು. ಗೆಳೆಯನ ಹಳೆಯ ಪೆನ್‌ಡ್ರೈವ್‌ನಲ್ಲಿ ಮೂರು ಫೋಟೊ ಮಾತ್ರ ಸಿಕ್ಕವು. ಒಂದರಲ್ಲಿ ಅಜ್ಜ ತೂಬಿನ ಕಲ್ಲಿನ ಮೇಲೆ ಕೂತು ಕೈಯಲ್ಲಿ ಏನನ್ನೋ ಎಣಿಸಿ ತೋರಿಸುತ್ತಿದ್ದಾರೆ. ಎಷ್ಟು ಎಂದು ಫೋಟೊದಿಂದ ಗೊತ್ತಾಗುವುದಿಲ್ಲ.

ಜಿನೀವಾದಲ್ಲಿ ವೆಬ್ ಹುಟ್ಟಿದ್ದು ಇದೇ ಕಾರಣಕ್ಕೆ: ಜನ ಹೋದರೂ ಅವರಿಗೆ ಗೊತ್ತಿದ್ದದ್ದು ಉಳಿಯಲಿ ಎಂದು. ಮೂವತ್ತೈದು ವರ್ಷದಲ್ಲಿ ವೆಬ್ ಮಾತು ಕಲಿತಿದೆ, ಕನ್ನಡವನ್ನೂ ಕಲಿತಿದೆ. ಉಳಿಸಿಕೊಡುವ ಹೊಣೆಯನ್ನು ಮಾತ್ರ ಯಾವ ಗೋಡೆಯೂ ಹೊತ್ತಿಲ್ಲ. ಆದ್ದರಿಂದ ನಿಮ್ಮಲ್ಲಿ ಒಂದು ಕೇಳಿಕೆ. ಊರಿನ ಹಿರಿಯರ ಮಾತು, ಸೋಬಾನೆ ಪದ, ಜಮೀನಿನ ಹಳೆಯ ಕಾಗದದ ಫೋಟೊ ಏನೇ ಇರಲಿ, ಹಾಕಬೇಕಾದ ಕಡೆ ಧಾರಾಳವಾಗಿ ಹಾಕಿ, ಹಂಚಿಕೊಳ್ಳಿ. ಹಾಕುವ ಮೊದಲು ಒಂದು ಪ್ರತಿ ನಿಮ್ಮ ಮೆಮೊರಿ ಕಾರ್ಡಿನಲ್ಲಿ, ಇನ್ನೊಂದು ಪ್ರತಿ ಊರಿನ ಇನ್ನೊಬ್ಬರ ಮನೆಯಲ್ಲಿ ಇರಲಿ. ಮುಖ್ಯವಾದದ್ದಾದರೆ ಕಾಗದದಲ್ಲಿ ಬರೆದು ಶಾಲೆಯ ಬೀರುವಿಗೂ ಒಂದು ಕೊಡಿ.

ಈ ಬರಹದ ಒಂದು ಪ್ರತಿಯನ್ನೂ ನಾವು ಬೇರೆ ಕಡೆ ಇಟ್ಟುಕೊಂಡಿದ್ದೇವೆ.